ಆರ್ಲಿಸ್ ಬೇಡವೆಂದ ಕಿಡ್ನಿ

ನಮ್ಮ ತಿರುವಿಗೆ ಬರುವ ಹಳದಿ ಶಾಲಾ ಬಸ್ಸನ್ನು ಓಡಿಸುವವಳು ಆರ್ಲಿಸ್. ನನ್ನ ಗಂಡ ಚಿಕ್ಕವನಿದ್ದಾಗ ಅವಳ ಬಸ್ಸಿನಲ್ಲೇ ಶಾಲೆಗೆ ಹೋದವನು. ಈಗ ನಮ್ಮ ಮಗ ನೀಲ್ ಹೋಗುತ್ತಾನೆ. ಐವತ್ತೆಂಟರ ಹೆಂಗಸು, ಗಿಡ್ಡ ಕೂದಲು, ಎಂಥ ಚಳಿಯಿದ್ದರೂ ತೋಳಿಲ್ಲದ ಅದೇ ದಪ್ಪ ಕೋಟು. ಮಧ್ಯಾಹ್ನ ಮಕ್ಕಳನ್ನು ಇಳಿಸಿದ ಮೇಲೆ ಮನೆಯ ಬಾಗಿಲು ತೆರೆದು ಮಗು ಒಳಗೆ ಹೋಗುವವರೆಗೆ ಬಸ್ಸು ಕದಲುವುದಿಲ್ಲ. ಹಿಂದೆ ಎಷ್ಟು ಕಾರು ನಿಂತಿದ್ದರೂ ಅಷ್ಟೇ. ಉತ್ತರ ಮಿನ್ನೆಸೋಟಾದ ನಮ್ಮ ಊರಿನಲ್ಲಿ ಹಾರ್ನ್ ಹೊಡೆಯುವವರಿಲ್ಲ. ಹೊಡೆದರೆ ಹೊರಗಿನವರು.

ಅವಳಿಂದ ಉಪಕಾರ ಪಡೆಯದ ಮನೆ ಇಲ್ಲಿ ಕಡಿಮೆ. ನನ್ನ ಮಗಳು ಹುಟ್ಟಿ ನಾನು ಜ್ವರದಲ್ಲಿ ಮಲಗಿದ್ದಾಗ, ಹೇಳದೆ ಕೇಳದೆ ಬಂದು ಬಟ್ಟೆ ಒಗೆದು ಮಡಿಸಿಟ್ಟು ಹೋದವಳು. ಆದರೆ ಅವಳಿಗೆ ಉಪಕಾರ ಮಾಡುವುದು ಬಲು ಕಷ್ಟ. ಅವಳ ಗಂಡ ಡ್ವೇನ್ ದೋಣಿಯ ಮೋಟರುಗಳನ್ನು ರಿಪೇರಿ ಮಾಡುವವನು. ಅವನು ಹೇಳುವ ಪ್ರಕಾರ ಒಮ್ಮೆ ಹಿಮಗಾಳಿಯಲ್ಲಿ ಇವಳ ಕಾರು ಜಾರಿ ರಸ್ತೆ ಪಕ್ಕದ ಹಳ್ಳಕ್ಕೆ ಇಳಿದು ಓರೆಯಾಗಿ ನಿಂತಿತಂತೆ. ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, "ಎಳೆದು ಹಾಕ್ಲಾ?" ಎಂದರೆ ಇವಳು ಗಾಜು ಇಳಿಸಿ, "ಅಯ್ಯೋ ಬೇಡ, ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೀನಿ," ಎಂದಳಂತೆ. ಎರಡನೇ ಸಲವೂ ಬೇಡ. ಮೂರನೇ ಸಲ ಕೇಳಿದಾಗ, "ನಿಮಗೆ ತೊಂದ್ರೆ ಆಗಲ್ಲ ಅಂದ್ರೆ..." ಎಂದಳಂತೆ. ಅಷ್ಟರಲ್ಲಿ ಅವನು ಸರಪಳಿ ಕಟ್ಟಿ ಮುಗಿಸಿದ್ದ.

ಇಲ್ಲಿ ಎಲ್ಲರೂ ಹೀಗೇ. ಮೊದಲ ಎರಡು 'ಬೇಡ' ಮರ್ಯಾದೆಗೆ, ಮೂರನೆಯದು ಉತ್ತರ. ನಮ್ಮ ತವರಿನಲ್ಲಿ ಎಲೆಗೆ ಹೋಳಿಗೆ ಬಡಿಸುವಾಗ ನಡೆಯುವುದೂ ಇದೇ ಆದ್ದರಿಂದ ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಅವಳ ಎರಡೂ ಕಿಡ್ನಿ ಸೋಲುತ್ತಿವೆಯೆಂದು ಗೊತ್ತಾಯಿತು. ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಸರಿ, ಇಲ್ಲದಿದ್ದರೆ ಬರುವ ಬೇಸಿಗೆಯ ಹೊತ್ತಿಗೆ ಡಯಾಲಿಸಿಸ್ ಎಂದರು ವೈದ್ಯರು. ಡಯಾಲಿಸಿಸ್ ಎಂದರೆ ವಾರಕ್ಕೆ ಮೂರು ದಿನ ದೂರದ ಆಸ್ಪತ್ರೆ, ಎಂದರೆ ಬಸ್ಸಿನ ಕೆಲಸ ಬಿಡಬೇಕು. ಬಿಟ್ಟರೆ ಆ ಕೆಲಸದ ಜೊತೆಗೆ ಬರುವ ಆರೋಗ್ಯ ವಿಮೆಯೂ ಹೋಗುತ್ತದೆ. ಡ್ವೇನನ ಹೃದಯದ ಔಷಧಿ ಸಿಗುತ್ತಿರುವುದೂ ಅದೇ ವಿಮೆಯಿಂದ. ಕಾಯಿಲೆ ಬಿದ್ದವಳು ಕಾಯಿಲೆ ಬಿದ್ದ ಕಾರಣಕ್ಕೇ ವಿಮೆ ಕಳೆದುಕೊಳ್ಳುವುದು ಇಲ್ಲಿ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಮಳೆ ಬಂದರೆ ನೆಲ ಒದ್ದೆ ಎಂಬಂತೆ ಹೇಳಿಕೊಳ್ಳುತ್ತಾರೆ. ಆರ್ಲಿಸ್, ಡ್ವೇನ್ ಇಬ್ಬರಿಗೆ ಮಕ್ಕಳಿಲ್ಲ. ಹೃದಯದ ರೋಗಿಯಾದ ಡ್ವೇನನ ಕಿಡ್ನಿಯನ್ನು ತೆಗೆದುಕೊಳ್ಳುವಂತಿಲ್ಲ.

ನಾನು ಹಿತ್ತಲಿನ ಸೌತೆಕಾಯಿ ಕೊಡಲು ಹೋದ ದಿನ ಡ್ವೇನ್ ಅಂಗಳದಲ್ಲಿ ತನ್ನ ಟ್ರಕ್ಕಿನ ಹಿಂದಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆಯುತ್ತಿದ್ದ: ನನ್ನ ಹೆಂಡತಿಗೆ ಕಿಡ್ನಿ ಬೇಕು, ರಕ್ತದ ಗುಂಪು ಓ. ಕೆಳಗೆ ಫೋನ್ ನಂಬರು.

"ಏನೋ ಇದು! ಹಳೇ ದೋಣಿ ಮಾರಾಟಕ್ಕಿಟ್ಟ ಹಾಗೆ!" ಆರ್ಲಿಸ್ ಮೆಟ್ಟಿಲ ಮೇಲೆ ನಿಂತು ಕೂಗಿದಳು.

"ಮಾರಾಟಕ್ಕಲ್ಲ ಕಣೇ. ಬೇಕಾಗಿದೆ ಅಂತ."

"ನಾಳೆ ಚರ್ಚಿಗೆ ಇದ್ರಲ್ಲೇ ಹೋಗ್ಬೇಕು. ಒರ್ಸು."

"ಒರ್ಸಲ್ಲ."

"ಜನ ನೋಡಿದ್ರೆ ಏನಂದ್ಕೋತಾರೆ?"

"ನಿಂಗೆ ಕಿಡ್ನಿ ಬೇಕು ಅಂದ್ಕೋತಾರೆ. ಇನ್ನೇನಂದ್ಕೋಬೇಕು?"

ಅವಳು ಒಳಗೆ ಹೋಗಿ ಬಕೆಟ್ಟಿನಲ್ಲಿ ನೀರು ತಂದಳು. ಟ್ರಕ್ಕಿನ ಹತ್ತಿರ ಸ್ವಲ್ಪ ಹೊತ್ತು ನಿಂತಳು. ನೀರನ್ನು ಟೊಮೆಟೊ ಗಿಡಗಳಿಗೆ ಹಾಕಿ, ನನ್ನ ಕಡೆ ತಿರುಗಿ, "ಸೌತೆಕಾಯಿ ಚೆನ್ನಾಗಿ ಬಂದಿದೆ ಈ ಸಲ," ಎಂದಳು.

ಊರು ಓದಿತು. ಎರಡೇ ವಾರದಲ್ಲಿ ಅವರ ಫ್ರೀಜರು ತುಂಬಿತು: ಆಲೂಗಡ್ಡೆ, ಮಾಂಸ, ಚೀಸ್ ಹಾಕಿ ಒಲೆಯಲ್ಲಿ ಬೇಯಿಸಿದ ತಟ್ಟೆಗಳು, ಒಂದರ ಮೇಲೊಂದು. ಯಾರೋ ಬಂದು ಹುಲ್ಲು ಕತ್ತರಿಸಿದರು. ಯಾರೋ ಸೌದೆ ಜೋಡಿಸಿದರು. ಆದರೆ ಒಬ್ಬರ ಬಾಯಲ್ಲೂ ಕಿಡ್ನಿ ಎಂಬ ಮಾತು ಬರಲಿಲ್ಲ. ಚರ್ಚಿನಲ್ಲಿ ಕಾಫಿ ಕುಡಿಯುವಾಗ ನೆರೆಯ ಮುದುಕಿಯೊಬ್ಬಳು ಅವಳ ತೋಳು ಹಿಡಿದು, "ನಿನಗೆ ಸ್ವಲ್ಪ ಸುಸ್ತಂತೆ," ಎಂದಳು. ಆರ್ಲಿಸ್, "ಹೂಂ, ಸ್ವಲ್ಪ," ಎಂದಳು. ಇಬ್ಬರೂ ಕಾಫಿ ಚೆನ್ನಾಗಿದೆ ಎಂದು ಒಪ್ಪಿಕೊಂಡರು.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಯಿತು. ನಮ್ಮ ತಿರುವಿನಲ್ಲಿ ನನ್ನ ಜೊತೆ ನಿಲ್ಲುವವನು ಕಾರ್ಮೈನ್. ಟೈರಿನ ಅಂಗಡಿಯಲ್ಲಿ ಕೆಲಸ, ನ್ಯೂಜೆರ್ಸಿಯವನು, ಹೆಂಡತಿಯ ಊರೆಂದು ಇಲ್ಲಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಮಗಳು ಜೀನಾ ಮೊದಲ ದಿನಗಳಲ್ಲಿ ಬಸ್ಸು ಹತ್ತಲು ಅಳುತ್ತಿದ್ದಳು. ಆರ್ಲಿಸ್ ಅವಳನ್ನು ತನ್ನ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡು, ಬಾಗಿಲು ತೆರೆಯುವ ಗುಂಡಿ ಒತ್ತುವ ಅಧಿಕಾರವನ್ನು ಅವಳಿಗೇ ಕೊಟ್ಟಳು. ಆಮೇಲೆ ಅಳು ನಿಂತಿತು.

ಒಂದು ಬೆಳಿಗ್ಗೆ ಜೀನಾ ಹತ್ತಿದ ಮೇಲೆ ಕಾರ್ಮೈನ್ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಬಸ್ಸಿನ ಕೆಂಪು ದೀಪಗಳು ಮಿಣುಕುತ್ತಿದ್ದವು. ಅವು ಆರುವವರೆಗೆ ಯಾರೂ ದಾಟುವಂತಿಲ್ಲವಾದ್ದರಿಂದ ಎರಡೂ ಕಡೆ ಕಾರುಗಳು ನಿಂತಿದ್ದವು.

"ಆರ್ಲಿಸ್, ಒಂದ್ನಿಮಿಷ. ಟ್ರಕ್ ಮೇಲೆ ಬರೆದಿದ್ದು ನೋಡ್ದೆ. ನಂದೂ ಓ ಗುಂಪೇ. ಎರಡು ಕಿಡ್ನಿ ಇದಾವೆ, ಒಂದು ತಗೊಳ್ಳಿ."

ಆರ್ಲಿಸಳ ಮುಖ ಕಿವಿಯವರೆಗೆ ಕೆಂಪಾಯಿತು.

"ಅಯ್ಯೋ, ಬೇಡ ಬೇಡ. ನೀನ್ಯಾಕಪ್ಪ ಅಷ್ಟೆಲ್ಲ ತೊಂದ್ರೆ ತಗೋತೀಯ."

"ಸರಿ ಹಾಗಾದ್ರೆ," ಎಂದ ಕಾರ್ಮೈನ್. "ಹೇಳ್ಬೇಕು ಅನ್ನಿಸ್ತು, ಹೇಳ್ದೆ." ಕಾಲು ಇಳಿಸಿದ. ಬಾಗಿಲು ಮುಚ್ಚಿತು, ಬಸ್ಸು ಹೋಯಿತು.

ಮರುದಿನ ಬಸ್ಸು ಬಂದಾಗ ಆರ್ಲಿಸ್ ಬಾಗಿಲನ್ನು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟಳು. ಕಾರ್ಮೈನ್ ಶುಭೋದಯ ಹೇಳಿ ಮಗಳ ಚೀಲ ಎತ್ತಿ ಕೊಟ್ಟ, ಅಷ್ಟೇ. ಅದರ ಮರುದಿನವೂ ಅಷ್ಟೇ. ವಾರ ಕಳೆಯಿತು, ಇನ್ನೊಂದು ಕಳೆಯಿತು. ಡ್ವೇನನ ಫೋನಿಗೆ ಬಂದ ಕರೆ ಒಂದೇ, ಅದೂ ದೋಣಿಯ ಮೋಟರು ಕೆಟ್ಟವನದು.

ಆರ್ಲಿಸ್ ನನ್ನ ಅಡುಗೆಮನೆಗೆ ಬಂದು ಕೂತಾಗ ನಾನು ಮಗಳಿಗೆ ಗಂಜಿ ತಿನ್ನಿಸುತ್ತಿದ್ದೆ. ಅವಳ ಕಣ್ಣಿನ ಕೆಳಗೆ ಊದಿಕೊಂಡಿತ್ತು.

"ಆ ಹುಡುಗ ಮತ್ತೆ ಕೇಳ್ಲೇ ಇಲ್ಲ ನೋಡು," ಎಂದಳು. "ಮಾತಿಗೆ ಅಂದ ಅಂತ ಕಾಣುತ್ತೆ."

"ಮಾತಿಗಲ್ಲ ಆರ್ಲಿಸ್. ನೀವು ಬೇಡ ಅಂದ್ರಲ್ಲ, ನಿಜವಾಗ್ಲೂ ಬೇಡ ಅಂತ ತಿಳ್ಕೊಂಡಿದಾನೆ."

"ಒಂದೇ ಸಲಕ್ಕಾ?"

"ಅವರ ಕಡೆ ಒಂದೇ ಸಲಕ್ಕೆ."

ಅವಳು ಕಾಫಿಯ ಕಪ್ಪನ್ನು ಮೇಜಿನ ಮೇಲಿಟ್ಟಳು. "ಒಂದು ತುಂಡು ಕೇಕ್ ಆದ್ರೂ ಮೂರು ಸಲ ಕೇಳ್ತಾರೆ. ಕಿಡ್ನಿನ ಒಂದೇ ಸಲ ಕೇಳಿ ಬಿಟ್ಬಿಡೋದಾ?"

"ನಾನು ಹೇಳ್ಲಾ ಅವನಿಗೆ? ನಾಳೆ ಬೆಳಿಗ್ಗೆ ಹೇಗೂ ಸಿಗ್ತಾನೆ."

"ಬೇಡ."

"ಇದು ಮೊದಲನೇ ಬೇಡನಾ, ಮೂರನೇದಾ?"

ಅವಳು ನಗಲಿಲ್ಲ. "ಇದು ನಿಜವಾದ ಬೇಡ. ಒಬ್ಬರ ಹೊಟ್ಟೆ ಕೊಯ್ಸೋ ವಿಷಯ. ಇನ್ನೊಬ್ಬರ ಬಾಯಲ್ಲಿ ಹೇಳಿ ಕಳ್ಸೋದಲ್ಲ."

ಅವಳು ಹೇಳಿದ್ದು ಸರಿಯೆನಿಸಿ ನಾನು ಸುಮ್ಮನಾದೆ. ಸುಮ್ಮನಿರುವುದು ಸುಲಭವಾಗಿರಲಿಲ್ಲ. ಪ್ರತಿ ಬೆಳಿಗ್ಗೆ ನನ್ನ ಪಕ್ಕದಲ್ಲೇ ಆ ಮನುಷ್ಯ ಕಾಫಿ ಕುಡಿಯುತ್ತ ನಿಂತಿರುತ್ತಿದ್ದ. ಒಂದು ದಿನ ಅವನೇ, "ಅರ್ಧ ರೊಟ್ಟಿ ಬೇಡ ಅನ್ನೋ ಹಾಗೆ ಅಂದ್ಬಿಟ್ರು ರೀ. ನಂದು ಅಷ್ಟೇನೂ ಕೆಟ್ಟ ಕಿಡ್ನಿಯಲ್ಲ," ಎಂದ. ನಾನು ನೀಲನ ಟೋಪಿ ಸರಿಮಾಡಿದೆ.

ಅಕ್ಟೋಬರಿನ ಕೊನೆಯ ಶನಿವಾರ ಊರೆಲ್ಲ ಹಿಮದಲ್ಲಿ ಜಾರದ ಟೈರು ಹಾಕಿಸಲು ಕಾರ್ಮೈನ್ ಕೆಲಸ ಮಾಡುವ ಅಂಗಡಿಯಲ್ಲಿ ಸೇರಿತ್ತು. ನಾನೂ ಮಗಳನ್ನು ಎದೆಗೆ ಕಟ್ಟಿಕೊಂಡು ಕೂತಿದ್ದೆ. ಆರ್ಲಿಸ್ ಬಂದಳು. ಅವಳ ಕಾರಿಗೆ ಹಿಂದಿನ ವಾರವೇ ಟೈರು ಹಾಕಿಸಿದ್ದು ನನಗೆ ಗೊತ್ತಿತ್ತು. ಬಾಗಿಲ ಬಳಿ ನಿಂತು ಅಂಗಡಿಯ ಯಜಮಾನ ಗಿಲ್ಮನ್ನನ ಜೊತೆ ಚಳಿಗಾಳಿಯ ಬಗ್ಗೆ ಮಾತಾಡಿದಳು. ಜೋಳದ ಕಟಾವಿನ ಬಗ್ಗೆ ಮಾತಾಡಿದಳು. ಆಮೇಲೆ ಕಾರ್ಮೈನ್ ಕಾರಿನ ಕೆಳಗಿನಿಂದ ಹೊರಗೆ ಬಂದ.

"ಏನಾಯ್ತು ಆರ್ಲಿಸ್, ಟೈರಾ?"

"ಟೈರ್ ಅಲ್ಲ." ಅವಳು ಕೋಟಿನ ಗುಂಡಿ ಹಿಡಿದುಕೊಂಡಳು. "ಮುಂದಿನ ಎಡಗಡೆ ಏನೋ ಸದ್ದು... ಇಲ್ಲ. ಸದ್ದೂ ಇಲ್ಲ."

"ಮತ್ತೆ?"

"ನನಗೆ ನಿನ್ನ ಕಿಡ್ನಿ ಬೇಕು ಕಾರ್ಮೈನ್."

ಕುರ್ಚಿಯಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ತಮ್ಮ ಬೂಟು ನೋಡಿಕೊಂಡರು. ಗಿಲ್ಮನ್ ಕಿಟಕಿಯ ಹೊರಗೆ ನೋಡುತ್ತ, "ಹಿಮ ಬೀಳೋ ಹಾಗಿದೆ," ಎಂದ.

"ಅವತ್ತು ಬೇಡ ಅಂದ್ರಲ್ಲ!"

"ಅಂದೆ. ಬೇಕಾಗಿತ್ತು, ಅದಕ್ಕೇ ಬೇಡ ಅಂದೆ."

ಕಾರ್ಮೈನ್ ಕೈ ಒರೆಸಿಕೊಳ್ಳುತ್ತ ಅವಳನ್ನೇ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

"ಈ ಊರಿನವರ ಜೊತೆ ಸಂಸಾರ ಹೇಗೆ ಮಾಡ್ತಾರೋ," ಎಂದ. "ಇರಿ, ಗ್ರೀಸ್ ತೊಳ್ಕೊಂಡು ಬರ್ತೀನಿ. ಯಾರಿಗೆ ಫೋನ್ ಮಾಡ್ಬೇಕು?"

ಅವಳು ಕುರ್ಚಿಯಲ್ಲಿ ಕೂತಳು. ನಾನು ಅವಳ ಕೈಗೆ ಮಗುವನ್ನು ಕೊಟ್ಟೆ. ಮಗು ಹಿಡಿದವರ ಕೈಗೆ ನಡುಗಲು ಪುರುಸೊತ್ತಿರುವುದಿಲ್ಲ.

ಮುಂದಿನದು ನೇರವಾಗಿ ನಡೆಯಲಿಲ್ಲ. ಗುಂಪು ಒಂದೇ ಆದರೂ ಅವಳ ರಕ್ತ ಅವನ ಕಿಡ್ನಿಯನ್ನು ಒಪ್ಪುವುದಿಲ್ಲವೆಂದು ಪರೀಕ್ಷೆಯಲ್ಲಿ ತಿಳಿಯಿತು. ಇಲ್ಲಿಗೇ ಬಿಡಬಹುದು, ಇಲ್ಲವೇ ಅದಲು ಬದಲು ಮಾಡಬಹುದು ಎಂದರು ಆಸ್ಪತ್ರೆಯವರು: ಇವನದು ಹೊಂದುವ ಯಾರಿಗೋ ಹೋಗುತ್ತದೆ, ಅವರ ಕಡೆಯವರದು ಇನ್ಯಾರಿಗೋ, ಹೀಗೆ ಸುತ್ತಿ ಒಂದು ಇವಳಿಗೆ ಬರುತ್ತದೆ. ಆರ್ಲಿಸ್ ಅವನಿಗೆ, "ಗುರುತಿಲ್ಲದವರಿಗೆ ಕೊಡು ಅಂತ ನಾನು ಹೇಗೆ ಹೇಳ್ಲಿ," ಎಂದಳಂತೆ. "ನಿಮ್ಮನ್ನಾದ್ರೂ ನಾನೆಷ್ಟು ಬಲ್ಲೆ? ಬಸ್ಸಿನ ಬಾಗಿಲಷ್ಟು," ಎಂದನಂತೆ ಅವನು.

ರಜೆಯ ವಿಷಯ ಬಂತು. ಇಂಥದಕ್ಕೆ ಸಂಬಳ ಕೊಟ್ಟು ರಜೆ ಕೊಡುವ ಪದ್ಧತಿ ಅಂಗಡಿಯಲ್ಲಿಲ್ಲ ಎಂದ ಗಿಲ್ಮನ್. ಕೆಟ್ಟವನೇನಲ್ಲ, ಪದ್ಧತಿಯಿಲ್ಲ, ಅಷ್ಟೇ. ಜೊತೆಯ ಕೆಲಸಗಾರರಿಬ್ಬರು ತಮ್ಮ ವರ್ಷದ ರಜೆಯನ್ನು ಕಾರ್ಮೈನನ ಹೆಸರಿಗೆ ಹಾಕಿದರು. ಅವರಲ್ಲೊಬ್ಬನ ಮಗಳ ಮದುವೆ ಮುಂದಿನ ಜೂನಿನಲ್ಲಿತ್ತು. ಮದುವೆಯ ಮರುದಿನವೇ ಅವನು ಕೆಲಸಕ್ಕೆ ಬಂದ.

ಫೆಬ್ರುವರಿಯಲ್ಲಿ ಒಂದೇ ದಿನ ಎಲ್ಲ ಮುಗಿಯಿತು. ಕಾರ್ಮೈನನ ಕಿಡ್ನಿ ಓರೆಗಾನಿನ ಯಾರಿಗೋ ಹೋಯಿತು, ಆರ್ಲಿಸಳಿಗೆ ಜಾರ್ಜಿಯಾದ ಯಾರದೋ ಬಂತು. ಜೀನಾ ಎರಡು ರಾತ್ರಿ ನಮ್ಮ ಮನೆಯಲ್ಲಿ ನೀಲನ ಪಕ್ಕ ಮಲಗಿದಳು. ಆಪರೇಷನ್ ಆದ ದಿನ ಸಂಜೆ ಡ್ವೇನ್ ಫೋನ್ ಮಾಡಿದ.

"ಹೇಗಿದಾರೆ?"

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ?"

"ಅಷ್ಟೇನೂ ಕೆಟ್ಟದಾಗಿಲ್ಲ," ಎಂದ. ಅತ್ತ ಕಡೆ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ಎಲ್ಲ ಬಹಳ ಚೆನ್ನಾಗಿ ಆಗಿದೆಯೆಂದು ನನಗೆ ಗೊತ್ತಾಯಿತು.

ಮೇ ತಿಂಗಳ ಒಂದು ಸೋಮವಾರ ಆರ್ಲಿಸ್ ಮತ್ತೆ ಬಸ್ಸು ತಂದಳು. ಸ್ವಲ್ಪ ದಪ್ಪವಾಗಿದ್ದಳು, ಕಣ್ಣಿನ ಊತ ಇಳಿದಿತ್ತು. ಜೀನಾ ಓಡಿ ಹತ್ತಿದಳು. ಆರ್ಲಿಸ್ ಕಾರ್ಮೈನನ ಕಡೆ ನೋಡಿ, ಇಲ್ಲಿಯವರು ನಮಸ್ಕಾರಕ್ಕೆ ಮಾಡುವಂತೆ ಸ್ಟಿಯರಿಂಗಿನ ಮೇಲಿಂದ ಒಂದು ತೋರುಬೆರಳು ಎತ್ತಿದಳು.

"ಅಷ್ಟೇನಾ?" ಎಂದ ಕಾರ್ಮೈನ್ ನನಗೆ. "ನ್ಯೂಜೆರ್ಸಿಯಲ್ಲಾಗಿದ್ರೆ ಇಷ್ಟೊತ್ತಿಗೆ ಅತ್ತು ಕರೆದು ಮನೆಮಂದಿಯೆಲ್ಲ ಊಟಕ್ಕೆ ಕೂತಿರ್ತಿದ್ವಿ."

"ಇಲ್ಲಿ ಇದೇ ಬಹಳ," ಎಂದೆ.

ಅವನು ನಂಬಲಿಲ್ಲ. ಆದರೂ ಹೊಟ್ಟೆಯ ಹೊಲಿಗೆಯ ಗುರುತಿನ ಮೇಲೆ ಒಂದು ಕೈಯಿಟ್ಟುಕೊಂಡು, ಇನ್ನೊಂದು ಕೈಯ ತೋರುಬೆರಳು ಎತ್ತಿದ.