ಇಳಿಯುವ ವಿದ್ಯೆ

ಕುರುಗೋಡು ಬಸ್ ನಿಲ್ದಾಣದ ಎದುರು ಮಿರ್ಚಿ ಅಂಗಡಿ ಇಟ್ಟಿರುವ ನಮ್ಮ ವಿರೂಪಾಕ್ಷಪ್ಪನವರ ಪ್ರಕಾರ, ದೇಶ ಆಳುವವನು ಮೊದಲು ಯುದ್ಧವಿಮಾನ ಓಡಿಸಿರಬೇಕು. ವಾಯುಪಡೆಯಲ್ಲಿ ಬಹುಕಾಲ ವಿಮಾನಗಳ ಚಕ್ರ ನೋಡಿಕೊಂಡಿದ್ದ ಇವರು ಒಮ್ಮೆಯೂ ಹಾರಿದವರಲ್ಲ. ಆದರೂ ಊರಿಗೆಲ್ಲ ಇವರೇ ‘ಪೈಲಟ್’. ಕಡಲೆಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದುತ್ತಲೇ ಅಮೆರಿಕ, ಘಾನಾ, ಈಜಿಪ್ಟ್ ಎಂದು ಪೈಲಟ್‌ಗಳು ಅಧ್ಯಕ್ಷರಾದ ದೇಶಗಳ ಹೆಸರು ಹೇಳುತ್ತಾರೆ. ಓಟು ಕೇಳಲು ಬಂದವರಿಗೆ ಒಂದೇ ಪ್ರಶ್ನೆ: “ವಿಮಾನ ಓಡ್ಸೀರೇನ್ರಿ?” ಇಲ್ಲವೆಂದರೆ, “ಹಂಗಾರ ಮಿರ್ಚಿ ತಿಂದು ಹೋಗ್ರಿ.” ಯಾಕೆಂದು ಕೇಳಿದವರ ಬಸ್ಸು ಪಕ್ಕದೂರು ಬಾದನಹಟ್ಟಿ ದಾಟಿದರೂ ಇವರ ವಿವರಣೆ ಮುಗಿಯುವುದಿಲ್ಲ. “ಮ್ಯಾಲೆ ಏರಾಕ ಎಲ್ಲಾರ್ಗೂ ಬರ್ತೈತಿ. ಎಣ್ಣಿ ಮುಗಿಯೋದ್ರಾಗ ಇಳೀಬೇಕು ಅನ್ನೋದು ಪೈಲಟ್ ಒಬ್ಬಂಗ ಗೊತ್ತಿರ್ತೈತಿ.” ಮೊನ್ನೆ ಹೆಂಡತಿ ಕೊಟ್ರಮ್ಮ ಈರುಳ್ಳಿ ಹೆಚ್ಚುತ್ತ ಕೇಳಿದರು: “ಆ ಈಜಿಪ್ಟಿನಾಂವ ಮೂವತ್ತು ವರ್ಷ ಕುರ್ಚಿ ಬಿಡ್ಲಿಲ್ಲಂತಲ್ರಿ. ಅದಿರ್ಲಿ, ನೀವು ಅಂಗಡಿಕಾರರ ಸಂಘದ ಅಧ್ಯಕ್ಷರಾಗಿ ಎಷ್ಟು ವರ್ಷ ಆತು?” ಬಾಣಲೆಯಲ್ಲಿದ್ದ ಮಿರ್ಚಿ ಕರಕಲಾಯಿತು. ಮರುದಿನ ಸಂಘದ ಸಭೆಯಲ್ಲಿ ಇವರು ಅಧ್ಯಕ್ಷಗಿರಿ ಬಿಟ್ಟುಕೊಟ್ಟರು; ಹೂವಿನಂಗಡಿಯ ಸುಮಂಗಲಾ ಹೊಸ ಅಧ್ಯಕ್ಷೆಯಾದಳು. ಇವರೇ ಎದ್ದು ನಿಂತು, “ಬಾರವ್ವ, ಕುಂದ್ರು” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಇವರ ಕೈ ಮಾತ್ರ ಇನ್ನೂ ಕುರ್ಚಿಯ ಬೆನ್ನನ್ನು ಹಿಡಿದೇ ಇತ್ತು. ಸುಮಂಗಲಾ ಬಗ್ಗಿ, ಇವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ, “ಪೈಲಟ್ರ, ಎಣ್ಣಿ ಮುಗದೈತ್ರಿ” ಎಂದಳು.