ಭಾನುವಾರ ಹನ್ನೊಂದಕ್ಕೆ ನಾನು ಧಾರವಾಡದವನು

ಸಾಫ್ಟ್‌ಬಾಲ್ ಮೈದಾನದಲ್ಲಿ ರೈಟ್ ಫೀಲ್ಡ್ ಎಂಬ ಒಂದು ಜಾಗವಿದೆ. ಮದುವೆಮನೆಯಲ್ಲಿ ಚಪ್ಪಲಿ ಕಾಯಲು ಒಬ್ಬನನ್ನು ನಿಲ್ಲಿಸುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಚೆಂಡು ಅಲ್ಲಿಗೆ ಬರುವುದೇ ಅಪರೂಪ. ಬಂದರೂ ನಿಂತವನಿಂದ ಯಾರೂ ಏನನ್ನೂ ನಿರೀಕ್ಷಿಸಿರುವುದಿಲ್ಲ. ಜರ್ಮನಿಯ ಕಲೋನ್‌ನಲ್ಲಿ ನಾನು ಓದುತ್ತಿದ್ದ ವಿಶ್ವವಿದ್ಯಾಲಯಕ್ಕೆ ಹುಡುಗರು ಹುಡುಗಿಯರು ಕೂಡಿ ಆಡುವ ಒಂದು ತಂಡವಿತ್ತು. ಆ ತಂಡದ ಚಪ್ಪಲಿಗಳನ್ನು ನಾನು ಎರಡು ವರ್ಷ ಕಾದೆ.

ನನ್ನನ್ನು ತಂಡದಲ್ಲಿ ಇಟ್ಟುಕೊಂಡದ್ದು ಆಟಕ್ಕಲ್ಲ, ಬಾಯಿಗೆ. ಯಾರ ದನಿ ಕೇಳಿದರೂ ಅದು ನನ್ನ ಗಂಟಲಲ್ಲಿ ಬಂದು ಕೂರುತ್ತದೆ. ನಮ್ಮ ಕೋಚ್ ಅರವತ್ತರ ಹತ್ತಿರದ ಜರ್ಮನ್ ಹೆಂಗಸು. ಮೂಗಿನಲ್ಲಿ ಉಸಿರೆಳೆದು ಒಂದು ವಾಕ್ಯ ಹೇಳಿ, ಆ ವಾಕ್ಯಕ್ಕೆ ತಾವೇ ತಲೆಯಾಡಿಸುವವರು. ಒಂದು ಮಧ್ಯಾಹ್ನ ನಾನು ಉಸಿರೆಳೆದು, ವಾಕ್ಯ ಹೇಳಿ, ತಲೆಯಾಡಿಸುತ್ತಿದ್ದಾಗ ಎಲ್ಲರ ನಗು ಒಟ್ಟಿಗೆ ನಿಂತಿತು. ತಿರುಗಿ ನೋಡಿದರೆ ಹಿಂದೆಯೇ ನಿಂತಿದ್ದರು. ಬೈಯಲಿಲ್ಲ. ಇಷ್ಟು ಮಾತು ಬರುವವನು ಉಪಯೋಗಕ್ಕೆ ಬರಲಿ ಎಂದು ನನಗೊಂದು ಕೆಲಸ ಹಚ್ಚಿದರು. ತಂಡದ ಪಿಚರ್, ಅಂದರೆ ಚೆಂಡು ಎಸೆಯುವವಳು, ಡಿಗ್ರಿ ಮುಗಿಸಿ ಊರು ಬಿಟ್ಟಿದ್ದಳು. ಅವಳಿಲ್ಲದೆ ಸತತ ಸೋಲು. ಬೇರೆ ಊರುಗಳಲ್ಲಿ ಆಡುತ್ತಿರುವ, ಯೂನಿವರ್ಸಿಟಿ ಬದಲಾಯಿಸುವ ಯೋಚನೆಯಲ್ಲಿರುವ ವಿದ್ಯಾರ್ಥಿಗಳನ್ನು ಹುಡುಕಿ, ಮಾತಾಡಿ, ನಮ್ಮಲ್ಲಿಗೆ ಕರೆತರಬೇಕು.

ಲೈಪ್‌ಜಿಗ್‌ನಿಂದ ಒಬ್ಬ ಕ್ಯಾಚರ್ ಹುಡುಗಿ, ಅಂದರೆ ಪಿಚರ್ ಎಸೆದದ್ದನ್ನು ಹಿಡಿಯುವವಳು, ಸುಲಭವಾಗಿ ಬಂದಳು. ಅದಕ್ಕೆ ನನ್ನ ವಾಕ್ಚಾತುರ್ಯವೇ ಕಾರಣವೆಂದು ಒಂದು ವಾರ ಮೆರೆದೆ. ಅವಳ ಗೆಳೆಯ ಕಲೋನ್‌ನಲ್ಲಿದ್ದಾನೆಂದು ಆಮೇಲೆ ತಿಳಿಯಿತು.

ಪಿಚರ್ ಸಿಕ್ಕಿದ್ದು ಸ್ಟುಟ್‌ಗಾರ್ಟ್‌ನಲ್ಲಿ. ಧಾರವಾಡ ಕಡೆಯ ಕನ್ನಡದವರ ಮಗಳು, ಅಲ್ಲಿಯೇ ಬೆಳೆದವಳು. ಅವಳು ಕಳಿಸಿದ ವಿಡಿಯೊದಲ್ಲಿ ತೋಳು ಒಮ್ಮೆ ಗಿರ್ರನೆ ಸುತ್ತಿ ಸೊಂಟದ ಪಕ್ಕದಿಂದ ಚೆಂಡು ಹೊರಡುವುದನ್ನು ಕೋಚ್ ಮೂರು ಸಲ ನೋಡಿದರು, ಮೂರು ಸಲವೂ ತಲೆಯಾಡಿಸಿದರು. ಅವಳಿಗೆ ಬೇಕಾದ ಕೋರ್ಸ್ ನಮ್ಮಲ್ಲಿತ್ತು, ಸೀಟೂ ಸಿಕ್ಕಿತ್ತು. ಅವಳ ಹಳೆಯ ಕ್ಲಬ್ಬು ಫ್ರೈಗಾಬೆ ಕೊಡಲು ಒಪ್ಪಿತ್ತು. ಅದು ಆಟಗಾರರನ್ನು ಬಿಟ್ಟುಕೊಡುವ ಕಾಗದ. ಬಿಟ್ಟುಕೊಡದೆ ಕೂತಿದ್ದವರು ಅವಳ ಅಪ್ಪ. ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್. ಕಲೋನ್‌ನಲ್ಲಿ ರೂಮು ಕೊಡುವವರು ತಂದೆತಾಯಿಯ ಜಾಮೀನು ಪತ್ರ ಕೇಳುತ್ತಾರೆ. ಆ ಪತ್ರಕ್ಕೆ ಅವರು ಸಹಿ ಹಾಕಿದರೆ ಮಗಳು ಬರುತ್ತಾಳೆ, ಇಲ್ಲದಿದ್ದರೆ ಇಲ್ಲ. ಅಲ್ಲಿ ನಮ್ಮ ಕಡೆಯವರು ಯಾರೂ ಇಲ್ಲ ಎಂಬುದೊಂದೇ ಅವರ ತಕರಾರು. ನಿನಗೆ ಕನ್ನಡ ಬರುತ್ತಲ್ಲ, ನೀನೇ ಮಾತಾಡು ಎಂದು ಅವಳು ಜರ್ಮನ್‌ನಲ್ಲಿ ಬರೆದು ನಂಬರ್ ಕಳಿಸಿದಳು.

ನಾನು ಮೈಸೂರಿನವನು. ನನ್ನ ರೂಮ್‌ಮೇಟ್ ಧಾರವಾಡದವನು. ಒಂದು ವರ್ಷದಿಂದ ಅವನೆದುರಿಗೇ ಅವನ ಮಾತಿನ ಅಣಕ ಮಾಡಿ, ಅವನಿಂದ ಬೈಸಿಕೊಂಡು, ಸಾಕಷ್ಟು ಪಳಗಿದ್ದೆ. ಫೋನ್ ಎತ್ತಿದ ಅಪ್ಪ ಬಿಗಿಯಾದ ಇಂಗ್ಲಿಷ್‌ನಲ್ಲಿ ಯಾರು, ಏನು ಎಂದು ವಿಚಾರಿಸಿದರು. ಆ ಬಿಗಿ ಸಡಿಲವಾಗಲಿ ಎಂದಷ್ಟೇ ಬಾಯಿ ಬಿಟ್ಟೆ: "ನಮಸ್ಕಾರ್ರೀ ಕಾಕಾ. ಆರಾಮ ಅದೀರೇನ್ರಿ?"

ಆ ಕಡೆಯಿಂದ ಬೇರೆಯೇ ಮನುಷ್ಯನ ದನಿ ಬಂತು. "ಯಾವೂರಪಾ ನಿಂದು?"

ಮೈಸೂರು ಎನ್ನಲು ಅಲ್ಲಿ ಜಾಗವಿತ್ತು. ಧಾರವಾಡ ಎಂದೆ. ಧಾರವಾಡದಲ್ಲಿ ಎಲ್ಲಿ ಎಂದರು. ರೂಮ್‌ಮೇಟ್‌ನ ಓಣಿ ಕೊಟ್ಟೆ. ಯಾರ ಪೈಕಿ ಎಂದರು; ಅವನ ಸೋದರಮಾವನನ್ನು ಕೊಟ್ಟೆ, ಹೈಸ್ಕೂಲ್ ಮಾಸ್ತರು ಎಂಬ ವಿವರ ಸಮೇತ. ಅರ್ಧ ಗಂಟೆಯಲ್ಲಿ ನಾನು ಅವರಿಗೆ ಮನೆಯ ಹುಡುಗನಾಗಿದ್ದೆ. ಜುಲೈ ಕೊನೆಯವರೆಗಿನ ತಾತ್ಕಾಲಿಕ ರೂಮಿಗೆ ಜಾಮೀನು ಹಾಕುವುದಾಗಿ ಹೇಳಿದರು. ಮುಂದಿನದನ್ನು ಆಗ ನೋಡೋಣ. ಇಡುವ ಮುಂಚೆ ಒಂದು ಮಾತು ಸೇರಿಸಿದರು. "ಭಾನುವಾರ ಹನ್ನೊಂದಕ್ಕ ಫೋನ್ ಮಾಡ್ತೇನಿ. ಆಕಿ ನನಗ ಏನೂ ಹೇಳೂದಿಲ್ಲ. ನೀ ಹೇಳು."

ಹೀಗೆ ಅವಳು ಬಂದಳು, ನಾವು ಗೆಲ್ಲತೊಡಗಿದೆವು, ನಾನು ಸಿಕ್ಕಿಬಿದ್ದೆ.

ಭಾನುವಾರ ನಮ್ಮ ಮ್ಯಾಚುಗಳಿರುತ್ತಿದ್ದವು. ಹನ್ನೊಂದಕ್ಕೆ ನಾನು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿರಬೇಕು. ಫೋನ್ ಹೊಡೆದುಕೊಂಡ ತಕ್ಷಣ ಗೆರೆ ಅರ್ಧಕ್ಕೆ ಬಿಟ್ಟು, ಸಾಮಾನಿನ ಶೆಡ್ಡಿನ ಹಿಂದೆ ಓಡಿ ಧಾರವಾಡದವನಾಗುತ್ತಿದ್ದೆ. ಮಗಳು ಬರೋಬ್ಬರಿ ಉಣ್ಣುತ್ತಾಳೋ, ಯಾರ ಜೊತೆ ತಿರುಗುತ್ತಾಳೋ, ಭುಜ ನೋಯುತ್ತದೆಯೋ. ಮೊದಮೊದಲು ಇಷ್ಟೇ. ಆಮೇಲೆ ಮಾತು ಅವರ ಕಡೆಗೇ ಹೊರಳತೊಡಗಿತು. ಆಫೀಸಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಮಗಳು ಹೇಳುವುದೆಲ್ಲ ಜರ್ಮನ್, ಟರ್ಕಿಯವರ ಅಂಗಡಿಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಹರಿಯುತ್ತದೆ. ನಾನು ಹೌದ್ರಿ, ಖರೇ ಅದರಿ ಎನ್ನುತ್ತಿದ್ದೆ. ಜೋಳದ ರೊಟ್ಟಿ ಬಡಿಯುವುದನ್ನು ಜನ್ಮದಲ್ಲಿ ನೋಡಿರಲಿಲ್ಲ.

ರೂಮ್‌ಮೇಟ್‌ಗೆ ವಿಷಯ ಗೊತ್ತಾದಾಗ ನಾವು ಅಡುಗೆಮನೆಯಲ್ಲಿದ್ದೆವು. ಮಾತು ಕಡಿಮೆ ಅವನದು. ನನ್ನ ಬಾಯಿ ಕದ್ದದ್ದು ಸಾಲದೆ ಮಾವನನ್ನೂ ಕದ್ದೆಯಾ ಎಂದಷ್ಟೇ ಕೇಳಿದ. ಮರುದಿನ ಫ್ರಿಜ್‌ನ ಮೇಲಿದ್ದ ಪುಟ್ಸ್‌ಪ್ಲಾನ್‌ನಲ್ಲಿ, ಯಾವ ವಾರ ಯಾರು ಮನೆ ತೊಳೆಯಬೇಕೆಂಬ ಆ ಪಟ್ಟಿಯಲ್ಲಿ, ಎಲ್ಲ ವಾರವೂ ನನ್ನದೇ ಆಗಿತ್ತು. ಬೇರೆಯವರ ದನಿ ಬಾಡಿಗೆಗೆ ತಂದವನು ಕಮೋಡು ತಿಕ್ಕಿ ತೀರಿಸಿದೆ.

ದನಿಯೂ ಹೇಳಿದ ಮಾತು ಕೇಳುವುದನ್ನು ಬಿಟ್ಟಿತ್ತು. ಬೇಡವೆಂದಾಗಲೂ ಬರುತ್ತಿತ್ತು. ಅಮ್ಮನಿಗೆ ಫೋನ್ ಮಾಡಿ "ಆತು ಬಿಡವಾ" ಎಂದುಬಿಟ್ಟೆ. ಯಾರಪ್ಪ ನೀನು, ಫೋನ್ ನನ್ನ ಮಗನಿಗೆ ಕೊಡು ಎಂದರು ಅಮ್ಮ.

ಇಲ್ಲಿಯವರೆಗೆ ನಗುತ್ತ ಹೇಳಬಹುದು. ಜೂನ್‌ನಲ್ಲಿ ಪಿಚರ್ ಸೇರಿ ತಂಡದ ಕೆಲವರು ಒಂದು ಟೂರ್ನಮೆಂಟಿಗೆಂದು ಹಾಲೆಂಡಿಗೆ ಹೋಗಿ, ಆಟ ಮುಗಿದ ಮೇಲೆ ಸಮುದ್ರ ನೋಡಲು ಎರಡು ದಿನ ಹೆಚ್ಚಿಗೆ ಉಳಿದರು. ಭಾನುವಾರ ಅಪ್ಪ ಕೇಳಿದಾಗ, ಬೇರೆ ಏನೂ ಹೊಳೆಯದೆ, ಅದನ್ನೂ ಹೇಳಿದೆ. ಅವರು ಮಗಳಿಗೆ ಫೋನ್ ಮಾಡಿ ವಿಚಾರಿಸಿದರು. ತನ್ನ ಸುದ್ದಿಯನ್ನು ಯಾರೋ ಮನೆಗೆ ಮುಟ್ಟಿಸುತ್ತಿದ್ದಾರೆಂದು ಅವಳಿಗೆ ಆಗ ಗೊತ್ತಾಯಿತು. ನಾನು ಅಪ್ಪನ ಜೊತೆ ಮಾತಾಡಿದ್ದು ಆ ಒಂದೇ ಸಲ ಎಂದು ತಿಳಿದಿದ್ದ ಅವಳ ಅನುಮಾನ ಹೋದದ್ದು, ಹಾಲೆಂಡಿನಲ್ಲೂ ಜೊತೆಗಿದ್ದ ಲೈಪ್‌ಜಿಗ್‌ನ ಕ್ಯಾಚರ್ ಮೇಲೆ. ಇಬ್ಬರೂ ಒಂದೇ ಮನೆಯಲ್ಲಿದ್ದರು. ಮಾತು ಬಿಟ್ಟರು. ನಾನು ಕರೆತಂದ ಇಬ್ಬರು, ಒಬ್ಬಳು ಎಸೆಯಬೇಕು, ಇನ್ನೊಬ್ಬಳು ಹಿಡಿಯಬೇಕು, ಮುಖ ನೋಡದೆ ಎಸೆದು ಮುಖ ನೋಡದೆ ಹಿಡಿಯುತ್ತಿದ್ದರು. ನಾನು ರೈಟ್ ಫೀಲ್ಡ್‌ನಲ್ಲಿ ನಿಂತು ಅದನ್ನು ನೋಡುತ್ತಿದ್ದೆ. ಬಾಯಿ ಬಿಡಬೇಕಾದ ಕಡೆ ಬಿಡಲಿಲ್ಲ.

ಜುಲೈ ಬಂತು. ಹೊಸ ರೂಮಿನ ಕಾಗದ ಸಿದ್ಧವಿತ್ತು. ಕೊನೆಯ ಮ್ಯಾಚಿಗೆ ಬಂದು, ನಿನ್ನನ್ನೂ ಕಂಡು, ಸಹಿ ಹಾಕುತ್ತೇನೆ ಎಂದರು ಅಪ್ಪ. ಮರುದಿನ ವಾಟ್ಸ್ಯಾಪ್‌ನಲ್ಲಿ ಒಂದು ಫೋಟೊ ಬಂತು. ಊರಿನಲ್ಲಿರುವ ತಮ್ಮ ತಮ್ಮನಿಂದ ಹೈಸ್ಕೂಲ್ ಮಾಸ್ತರರ ನಂಬರ್ ಪಡೆದು, ಅವರ ಜೊತೆ ಮಾತಾಡಿ, ಜರ್ಮನಿಯಲ್ಲಿರುವ ಸೋದರಳಿಯನ ಫೋಟೊ ತರಿಸಿಕೊಂಡಿದ್ದರು. ಕಪ್ಪು ಗೌನು ತೊಟ್ಟ ನನ್ನ ರೂಮ್‌ಮೇಟ್. ಇನ್ನು ದೂರದಿಂದಲೇ ಗುರುತು ಹಿಡಿಯುತ್ತೇನೆ ಎಂದು ಕೆಳಗೆ ಬರೆದಿದ್ದರು.

ರೂಮ್‌ಮೇಟ್‌ನ ಕಾಲು ಹಿಡಿಯುವುದೊಂದು ಬಾಕಿಯಿತ್ತು. ಅವನ ಥೀಸಿಸ್ ಮುಗಿಯುವವರೆಗೂ ಪಾತ್ರೆಯೂ ನನ್ನದೇ ಎಂದಾಯಿತು. ನನ್ನ ಬದಲು ಅಪ್ಪನೆದುರು ಕೂರಲು ಅವನು ಒಪ್ಪಿದ.

ಮ್ಯಾಚಿನ ದಿನ ಅಪ್ಪ ಬಟ್ಟೆ ಸುತ್ತಿದ ದೊಡ್ಡ ಸ್ಟೀಲ್ ಡಬ್ಬಿ ಹಿಡಿದು ಬಂದರು. ರೂಮ್‌ಮೇಟ್‌ನನ್ನು ಕಂಡವರೇ ಅಪ್ಪಿಕೊಂಡರು. ಇಬ್ಬರೂ ಗೆರೆಯಾಚೆ ಮಡಚುವ ಕುರ್ಚಿಗಳಲ್ಲಿ ಕುಳಿತರು. ಅಪ್ಪ ಮಾತಾಡುತ್ತಿದ್ದರು, ಅವನು ರೊಟ್ಟಿ ಮುರಿದು ಹೂಂ ಎನ್ನುತ್ತಿದ್ದ. ಫೋನ್‌ನಲ್ಲಿ ಅಷ್ಟು ಹರಟುವವನಿಗೆ ಎದುರಿಗೆ ಬಂದರೆ ಏನಾಯಿತು ಎಂದು ಅವರು ಎರಡು ಸಲ ಕೇಳಿದರಂತೆ. ನಿಜವಾದ ಧಾರವಾಡದ ಹುಡುಗ ಅವರಿಗೆ ಸಪ್ಪೆಯಾಗಿ ಕಂಡಿದ್ದ. ನಾನು ನೂರು ಹೆಜ್ಜೆ ದೂರದಲ್ಲಿ ಗ್ಲೋವ್ ಹಾಕಿಕೊಂಡು, ನನ್ನ ಮಾತಿಗೆ ಬಂದ ರೊಟ್ಟಿಯನ್ನು ಇನ್ನೊಬ್ಬ ತಿನ್ನುವುದನ್ನು ನೋಡುತ್ತಿದ್ದೆ. ಬಿಟ್ಟು ಓಡುವ ಹಾಗಿಲ್ಲ. ನಾನು ಓಡಿದರೆ ತಂಡದಲ್ಲಿ ಒಬ್ಬ ಕಡಿಮೆ.

ನಡುವೆ ಮಗಳು ನೀರು ಕುಡಿಯಲು ಅವರ ಬಳಿ ಹೋದಳು. ಅಪ್ಪ ರೂಮ್‌ಮೇಟ್‌ನ ಬೆನ್ನು ತಟ್ಟಿ ಏನೋ ಹೇಳಿದರು. ವಾರವಾರ ನಿನ್ನ ಸುದ್ದಿ ಹೇಳುವ ಹುಡುಗ ಇವನೇ ಎಂದರಂತೆ. ಅವಳು ಅವನ ಮುಖ ನೋಡಿದ್ದು ಅದೇ ಮೊದಲು. ಬಾಟಲಿ ಕೆಳಗಿಟ್ಟು ನಿಧಾನವಾಗಿ ರೈಟ್ ಫೀಲ್ಡ್ ಕಡೆ ತಿರುಗಿದಳು. ನನ್ನ ಅಣಕಕ್ಕೆ ಅವಳೂ ಎಷ್ಟೋ ಸಲ ನಕ್ಕಿದ್ದಳು. ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮ್ಯಾಚು ಗೆದ್ದೆವು. ಅವಳು ನೇರ ನನ್ನತ್ತ ಬಂದು, ತೋಳು ಹಿಡಿದು, ಅಪ್ಪನ ಮುಂದೆ ನಿಲ್ಲಿಸಿ, ಮಾತಾಡು ಎಂದಳು. ಬೇಡವೆಂದಾಗಲೂ ಬರುತ್ತಿದ್ದ ಆ ದನಿ, ಬೇಕಾದಾಗ ಬರಲಿಲ್ಲ.

"ಅಂಕಲ್, ನಾನು ಮೈಸೂರಿನವನು. ಫೋನಲ್ಲಿ ಮಾತಾಡ್ತಿದ್ದಿದ್ದು ನಾನೇ," ಎಂದೆ. "ಹಾಲೆಂಡ್ ವಿಷಯ ಹೇಳಿದ್ದೂ ನಾನೇ." ಎರಡನೆಯದನ್ನು ಹೇಳುವಾಗ, ಅವಳಲ್ಲ ಎನ್ನುವಂತೆ, ಕ್ಯಾಚರ್ ನಿಂತಿದ್ದ ಕಡೆ ಕೈ ತೋರಿಸಿದೆ.

ಅಪ್ಪ ರೂಮ್‌ಮೇಟ್‌ನನ್ನು ನೋಡಿದರು, ನನ್ನನ್ನು ನೋಡಿದರು. ಜೇಬಿನಿಂದ ಅರ್ಧ ಹೊರತೆಗೆದಿದ್ದ ಕಾಗದವನ್ನು ಮಡಚಿ ಒಳಗಿಟ್ಟರು. "ನಡಿ," ಎಂದರು ಮಗಳಿಗೆ. "ಮನಿಗೆ ಹೋಗೂಣು."

ಅವಳ ಬಾಯಲ್ಲಿ ಕನ್ನಡ ನಾನು ಕೇಳಿರಲಿಲ್ಲ. ಬರುವುದಿಲ್ಲವೆಂದೇ ತಿಳಿದಿದ್ದೆ.

"ಅಪ್ಪಾ, ಅವನ್ನ ಯಾಕ ಕೇಳ್ತಿ? ನನ್ನ ಕೇಳು."

"ನಿನ್ನ ಕೇಳಿದ್ರ ಜರ್ಮನ್‌ದಾಗ ಹೇಳ್ತಿ."

"ಈಗ ಕನ್ನಡದಾಗ ಹೇಳಾಕತ್ತೇನಲಾ."

ತಡವರಿಸುತ್ತಿತ್ತು ಅವಳ ಮಾತು, ಅಭ್ಯಾಸವಿಲ್ಲದ ಕೈಯಲ್ಲಿ ಎಸೆದ ಚೆಂಡಿನ ಹಾಗೆ. ಆದರೆ ಅವಳ ಬಾಯಿಗೆ ಅದು ಮನೆಯಿಂದಲೇ ಬಂದದ್ದು. ನಾಲ್ಕು ತಿಂಗಳು ನಾನು ಆಡಿದ್ದು ಎಷ್ಟು ನಾಟಕದ ಮಾತಾಗಿತ್ತೆಂದು ಆಗ ಕಿವಿಗೆ ಬಿತ್ತು. ಅಪ್ಪ ಕುರ್ಚಿಯಲ್ಲಿ ಕುಳಿತರು. ನನಗೂ ರೂಮ್‌ಮೇಟ್‌ಗೂ ಆ ಕಡೆ ಹೋಗಲು ಕೈ ಮಾಡಿದರು.

ಹೋದೆವು. ಬೇಸ್‌ಗಳನ್ನು ಕಿತ್ತು, ಬ್ಯಾಟುಗಳನ್ನು ಚೀಲಕ್ಕೆ ತುಂಬಿ, ತುಂಬಿದ್ದನ್ನು ತೆಗೆದು ಮತ್ತೆ ತುಂಬಿದೆ. ಕ್ಯಾಚರ್ ನನ್ನ ಪಕ್ಕದಿಂದ ಹಾದು ಹೋದಳು. ದೂರದಲ್ಲಿ ಮಗಳು ಮಾತಾಡುತ್ತಲೇ ಇದ್ದಳು, ಶಬ್ದ ಸಿಗದ ಕಡೆ ಕೈಯಲ್ಲಿ ತೋರಿಸುತ್ತಿದ್ದಳು, ಅವರು ಆ ಶಬ್ದ ಹೇಳಿಕೊಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಅವರು ಕಾಗದ ತೆಗೆದು, ಡಬ್ಬಿಯ ಮುಚ್ಚಳದ ಮೇಲಿಟ್ಟು, ಸಹಿ ಹಾಕಿದರು.

ಹೊರಡುವಾಗ ಡಬ್ಬಿಯನ್ನು ರೂಮ್‌ಮೇಟ್‌ನ ಕೈಗೆ ಕೊಟ್ಟರು. ನನ್ನೆದುರು ನಿಂತು, ನಿನಗಿನ್ನು ಫೋನ್ ಮಾಡುವುದಿಲ್ಲ, ಮಗಳೇ ನನಗೆ ಮಾಡುತ್ತಾಳೆ ಎಂದರು. "ಆ ಮಾಸ್ತರರಿಗೆ ಮಾತ್ರ ನೀನ ಮಾಡು. ನಿನ್ನ ಮಾತಿನ್ಯಾಗ ಹೇಳು, ಏನು ಮಾಡೀ ಅಂತ."

ಅವಳು ಮುಂದಿನ ಸೀಸನ್‌ಗೂ ಉಳಿದಳು. ಕ್ಯಾಚರ್‌ಗೆ ಅವಳೇ ಹೋಗಿ ಕ್ಷಮೆ ಕೇಳಿದಳು. ನನಗೆ ಅವಳಿಂದ ಮಾತು ಸಿಕ್ಕಿದ್ದು ಚಳಿಗಾಲದಲ್ಲಿ, ಅದೂ ಜರ್ಮನ್‌ನಲ್ಲಿ, ಚೆಂಡಿನ ಚೀಲ ಹೊತ್ತುಕೊ ಎಂದು.

ಮಾಸ್ತರರಿಗೆ ಫೋನ್ ಮಾಡಿದ್ದು ಆ ಮ್ಯಾಚಿನ ಮುಂದಿನ ಭಾನುವಾರ ಹನ್ನೊಂದಕ್ಕೆ. ಆ ಹೊತ್ತಿಗೆ ಸುಮ್ಮನಿರುವುದು ಮರೆತುಹೋಗಿತ್ತು. ನನ್ನದೇ ದನಿಯಲ್ಲಿ, ಒಂದೂ ಬಿಡದೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆಂದು ಕಾದೆ.

"ಮೈಸೂರಾಗ ಎಲ್ಲಿ?" ಎಂದರು.

ಹೇಳಿದೆ, ನಮ್ಮದೇ ಬೀದಿ.

"ಯಾರ ಪೈಕಿ?"

ನನ್ನ ಸೋದರಮಾವನ ವಿವರ ಹೇಳಿದೆ. ಈ ಸಲ ಕೊಡಲು ಬೇರೆ ಯಾರೂ ಉಳಿದಿರಲಿಲ್ಲ.

"ಅವರ ನಂಬರ್ ಕೊಡು," ಎಂದರು ಮಾಸ್ತರರು. ಪೆನ್ನು ಹುಡುಕುವ ಸದ್ದು ಕೇಳಿತು. ಕೊಟ್ಟೆ.