ಬೇಡ ಅನ್ನುವುದನ್ನು ಮೊದಲು ಕಲಿಸಿದೆ

ತಂಗಿ ಹೊಲಿಗೆ ಕೆಲಸಕ್ಕೆ ಪೋರ್ಚುಗಲ್‌ಗೆ ಹೊರಟಾಗ ಅವಳಿಗೆ ಭಾಷೆ ಕಲಿಸುವ ಭಾರ ನಾನೇ ಹೊತ್ತುಕೊಂಡೆ. ಮಧುಗಿರಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು ನಾನು. ಪೋರ್ಚುಗೀಸ್ ನನಗೂ ಗೊತ್ತಿರಲಿಲ್ಲ, ಮೊಬೈಲಿನಲ್ಲಿ ಕೇಳಿ ಕೇಳಿ ಬರೆದೆ. ನೋಟ್‌ಬುಕ್ಕಿನ ಎಡಕ್ಕೆ, ಶಿರಾದ ಗಾರ್ಮೆಂಟ್ಸ್‌ನಲ್ಲಿ ಅವಳಿಗೆ ರೂಢಿಯಾಗಿದ್ದ ಇಂಗ್ಲಿಷ್, ಬಲಕ್ಕೆ ಪೋರ್ಚುಗೀಸ್, ಎಲ್ಲ ಕನ್ನಡ ಅಕ್ಷರದಲ್ಲಿ. ನೀಡಲ್‌ಗೆ ಅಗೂಲ್ಯ, ಥ್ರೆಡ್‌ಗೆ ಲೀನ್ಯ. ಬ್ರೆಡ್‌ಗೆ ಪಾವ್ ಅಂದಾಗ ತಂಗಿ ನಕ್ಕಳು. “ಇದು ನಮ್ ಬಸ್‌ಸ್ಟ್ಯಾಂಡ್ ಬೇಕ್ರೀಲೇ ಸಿಗ್ತದಲ್ಲಕ್ಕ.”

ಆದರೆ ಮೊದಲ ಪುಟ ಮರ್ಯಾದೆಯ ಮಾತಿಗೆ ಮೀಸಲು. ನೋ ಥ್ಯಾಂಕ್ಸ್‌ಗೆ ‘ನಾವ್, ಒಬ್ರಿಗಾದ’. ಊಟ ಆಯ್ತು ಅನ್ನುವುದಕ್ಕೆ ‘ಝಾ ಕುಮೀ’. ಕಂಡವರ ಮನೆಯಲ್ಲಿ ಕರೆದ ಕೂಡಲೇ ತಟ್ಟೆ ಮುಂದೆ ಕೂರಬಾರದು ಅನ್ನುವುದು ಅಮ್ಮ ನಮಗೆ ಹೊಡೆದು ಕಲಿಸಿದ ಪಾಠ. ಹುಲಿಕುಂಟೆಯ ನೆಂಟರ ಮನೆಗೆ ಹೋದರೆ ಎರಡು ಸಲ ಬೇಡ ಅನ್ನಬೇಕು. ಮೂರನೆಯ ಸಲ ಅವರು ಕೈಹಿಡಿದು ಎಳೆದಾಗ ಕೂರಬೇಕು. ಹಾಗೆ ಎಳೆಯದವರನ್ನು ನಾವು ವರ್ಷಗಟ್ಟಲೆ ಆಡಿಕೊಳ್ಳುತ್ತೇವೆ.

ಅಲ್ಲಿ ಹೊಲಿಗೆ ಅಂಗಡಿಯ ಯಜಮಾನಿಯ ಮನೆ ಮಹಡಿಯಲ್ಲೇ ತಂಗಿಗೆ ಕೋಣೆ. ಮೊದಲ ಪಗಾರ ಬರುವವರೆಗೆ ಊಟವೂ ಅವರದೇ. ನಾನು ದಿನಾ ವಿಡಿಯೋ ಕಾಲ್ ಮಾಡಿ “ಊಟ ಆಯ್ತೇನೇ?” ಅನ್ನುತ್ತಿದ್ದೆ. “ಆಯ್ತು ಕಣಕ್ಕ” ಅನ್ನುತ್ತಿದ್ದಳು. ಎರಡನೇ ವಾರಕ್ಕೆ ಅವಳ ಕೆನ್ನೆ ಒಳಕ್ಕೆ ಹೋಗಿತ್ತು. ಚಳಿಗೆ ಹಂಗೆ ಅಂದಳು. ನನಗೆ ಸಮಾಧಾನವಾಗಲಿಲ್ಲ. ಮಕ್ಕಳ ಸರಿ ಉತ್ತರಕ್ಕೂ ಕೆಂಪು ಗೀಟು ಹಾಕಿದೆ. ಸ್ಕೂಲಿನಿಂದ ಮನೆಗೆ ಬರುವಾಗ ಕೊರಟಗೆರೆಯಲ್ಲಿ ಇಳಿಯಬೇಕಾದವಳು ಬಸ್ಸಿನಲ್ಲೇ ಕೂತು ಮುಂದಕ್ಕೆ ಹೋದೆ. “ಯಾಕೇ ಅಂಡು ಸುಟ್ಟ ಬೆಕ್ಕಿನಂಗೆ ಓಡಾಡ್ತೀಯ?” ಅಂದಳು ಅಮ್ಮ. ಅವಳ ಮೇಲೂ ರೇಗಿದೆ.

ಒಂದು ಶನಿವಾರ ಸಂಜೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಊಟ ಆಯ್ತಾ ಅಂದೆ. ಆಯ್ತು ಅಂದಳು. ಏನು ತಿಂದೆ ಅಂದೆ. ಏನೋ ಕೊಟ್ರು ಅಂದಳು. “ಏನದು, ಹೆಸರು ಹೇಳು” ಅಂದಾಗ ನಿಜ ಬಾಯಿಬಿಟ್ಟಳು.

“ಬಂದ ಮಾರ್ನೇ ದಿನ ಕರೆದ್ರು ಅಕ್ಕ. ನೀನ್ ಬರ್ಕೊಟ್ಟಂಗೇ ಬೇಡ ಅಂದೆ. ಇನ್ನೊಂದ್ಸಲ ಕರೀತಾರೆ ಅಂತ ಅಲ್ಲೇ ನಿಂತಿದ್ದೆ. ತಟ್ಟೆ ಎತ್ತಿಟ್ಬುಟ್ರು. ಮಾರ್ನೇ ದಿನಾನೂ ಅಂಗೇ. ಅವ್ರ ಅಡುಗೆ ನಂಗೆ ಸೇರಲ್ಲ ಅನ್ಕೊಂಡವ್ರೆ, ಈಗ ಕರೆಯೋದೇ ಇಲ್ಲ. ಅಂಗಡೀಲಿ ಬೆಳಿಗ್ಗೆ ಕಾಫಿ, ಪಾವ್ ಕೊಡ್ತಾರೆ. ಚಟ್ನಿಪುಡಿ ಹಾಕ್ಕೊಂಡು ಅದನ್ನೇ ತಿಂತೀನಿ.”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿ ಕಳಿಸಿದವಳು ನಾನೇ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಅಷ್ಟು ಪುಟಗಳಲ್ಲಿ ‘ಐ ಆಮ್ ಹಂಗ್ರಿ’ ಎಲ್ಲೂ ಇರಲಿಲ್ಲ. ಬರೆಯಬೇಕು ಅಂತ ಹೊಳೆದೇ ಇರಲಿಲ್ಲ. ನಾವು ಯಾರ ಮನೆಯಲ್ಲೂ ಆ ಮಾತು ಆಡಿದವರಲ್ಲ. ಹುಡುಕಿ ಹೇಳಿದೆ: “ತೇನ್ಯು ಫೋಮ್. ಹೋಗಿ ಹೇಳು.”

“ಆಗಲ್ಲ ಅಕ್ಕ. ಭಿಕ್ಷೆ ಬೇಡ್ದಂಗಾಯ್ತದೆ. ಪಗಾರ ಬರ್ಲಿ, ನಾನೇ ತಂದು ತಿಂತೀನಿ.”

“ಪಗಾರ ಬರೋವರ್ಗೂ ನೀನು ಇರ್ಬೇಕಲ್ಲ. ಫೋನ್ ಇಡ್ಬೇಡ, ಹಿಡ್ಕೊಂಡೇ ಇಳಿ ಕೆಳಕ್ಕೆ.”

ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ಅವಳು ಮೊದಲ ಸಲ ಹೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಎರಡನೆಯ ಸಲ ಜೋರಾಗಿ ಹೇಳಿದಳು. ಯಜಮಾನಿ ಗಾಬರಿಯ ದನಿಯಲ್ಲಿ ಏನೇನೋ ಅಂದರು. ಕುರ್ಚಿ ಎಳೆದ ಸದ್ದಾಯಿತು. ಫೋನನ್ನು ಮೇಜಿನ ಮೇಲೆ ಇಟ್ಟಿರಬೇಕು, ಸೂರು ಮಾತ್ರ ಕಾಣುತ್ತಿತ್ತು. ಆಮೇಲೆ ಚಮಚದ ಸದ್ದು ಶುರುವಾಯಿತು, ನಿಲ್ಲಲಿಲ್ಲ.

ಅಮ್ಮ ಒಳಗಿನಿಂದ ಬಂದು, “ಏನ್ ಮಾಡ್ತಾವ್ಳೆ?” ಅಂದಳು.

“ಊಟ.”

“ಕರೆದ್ರಾ?”

“ಇಲ್ಲ. ಹಸಿವು ಅಂತ ಇವಳೇ ಕೇಳಿದ್ಲು.”

ಅಮ್ಮನ ಮುಖ ಒಂದು ಕ್ಷಣ ಬಿಗಿಯಾಯಿತು. ಆಮೇಲೆ ನನ್ನ ಕೈಯಿಂದ ಫೋನ್ ಕಸಿದುಕೊಂಡು, ಆ ಸೂರಿಗೇ ಹೇಳಿದಳು. “ಇನ್ನಷ್ಟು ಹಾಕಿಸ್ಕೊಳ್ಳೇ, ಮಗ.”